ಗೋಡೆಯ ಬಣ್ಣ ಮತ್ತು ಫಾರ್ಮಾಲ್ಡಿಹೈಡ್: ಸಂರಕ್ಷಕಗಳ ಒಂದು ಚರಿತ್ರೆ

ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಮದುವೆ ಇತ್ತು. ಎಲ್ಲರ ಮನೆಯಲ್ಲಿ ನಡೆಯುವಂತೆ ನಾವೂ ಗೋಡೆಗಳಿಗೆ ಹೊಸ ಬಣ್ಣ ಬಳಿಸಿದೆವು. ನನ್ನ ಅಕ್ಕನಿಗೆ ಚಿಕ್ಕಂದಿನಿಂದಲೂ ಆಸ್ತಮಾ. ಹಾಗಾಗಿ ಅಂಗಡಿಯಲ್ಲಿ ವಿಚಾರಿಸಿ, ವಾಸನೆಯಿಲ್ಲದ, ‘ವಿಒಸಿ ಇಲ್ಲ’ ಎಂದು ಡಬ್ಬಿಯ ಮೇಲೆ ಬರೆದಿದ್ದ, ನೀರಿನಲ್ಲಿ ಕಲಸುವ ಬಣ್ಣವನ್ನೇ ತಂದೆವು. ವಾಸನೆ ನಿಜಕ್ಕೂ ಇರಲಿಲ್ಲ. ಬಣ್ಣ ಬಳಿದ ಮೂರನೆಯ ದಿನ ಅಕ್ಕ ಬಂದು ಆ ಕೋಣೆಯಲ್ಲಿ ಮಲಗಿದಳು. ನಡುರಾತ್ರಿ ನಾನು ಎದ್ದು ನೋಡಿದಾಗ ಆಕೆ ಹಜಾರದ ಕಿಟಕಿ ತೆರೆದು ಕುಳಿತಿದ್ದಳು. ಕಣ್ಣುರಿ, ಗಂಟಲಿನ ಕೆರೆತ, ನಿಲ್ಲದ ಕೆಮ್ಮು.

ಇದಕ್ಕೆ ಬಣ್ಣವೇ ಕಾರಣ ಎಂದು ಸಾಧಿಸಲು ನನ್ನ ಬಳಿ ಯಾವ ಅಳತೆಯೂ ಇರಲಿಲ್ಲ. ಆದರೆ ಬೆಳಗಾದ ಮೇಲೆ ಡಬ್ಬಿಯನ್ನು ಕೈಗೆತ್ತಿಕೊಂಡು ಎಲ್ಲ ಕಡೆಯೂ ಓದಿದೆ. ಎಷ್ಟು ಚದರ ಅಡಿಗೆ ಸಾಲುತ್ತದೆ, ಎಷ್ಟು ಹೊತ್ತಿನಲ್ಲಿ ಒಣಗುತ್ತದೆ, ಎಷ್ಟು ನೀರು ಬೆರೆಸಬೇಕು ಎಂಬುದೆಲ್ಲ ಇತ್ತು. ಒಳಗೆ ಏನಿದೆ ಎಂಬುದು ಮಾತ್ರ ಇರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ತಿಳಿದುಬಂದ ಚರಿತ್ರೆಯನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಬೆರಳನ್ನು ಗಟ್ಟಿಯಾಗಿಸಿದ ದ್ರಾವಣ

ಆಲ್ಡಿಹೈಡ್‌ಗಳ ಕುಟುಂಬದಲ್ಲಿ ಫಾರ್ಮಾಲ್ಡಿಹೈಡ್ ಅತ್ಯಂತ ಚಿಕ್ಕದು. ಅದರ ಅಣುವಿನಲ್ಲಿ ಒಂದು ಕಾರ್ಬನ್, ಒಂದು ಆಕ್ಸಿಜನ್ ಮತ್ತು ಎರಡು ಹೈಡ್ರೊಜನ್ ಪರಮಾಣುಗಳಿವೆ. ಸಾಮಾನ್ಯ ಉಷ್ಣತೆಯಲ್ಲಿ ಅದು ಬಣ್ಣವಿಲ್ಲದ ಅನಿಲ. ಅದರ ಕುದಿಬಿಂದು ಮೈನಸ್ 19 ಡಿಗ್ರಿ ಸೆಲ್ಸಿಯಸ್. ರಷ್ಯದ ರಸಾಯನವಿಜ್ಞಾನಿ ಬಟ್ಲೆರೋವ್ 1859ರಲ್ಲಿ ಇದರ ಸಂಯುಕ್ತಗಳನ್ನು ಮೊದಲು ವಿವರಿಸಿದರು. ಜರ್ಮನಿಯ ಹಾಫ್‌ಮನ್, ಮೆಥನಾಲ್ ಆವಿಯನ್ನು ಗಾಳಿಯೊಡನೆ ಕಾದ ಪ್ಲಾಟಿನಮ್ ಮೇಲೆ ಹಾಯಿಸಿ 1860ರ ದಶಕದ ಕೊನೆಯಲ್ಲಿ ಇದನ್ನು ತಯಾರಿಸಿದರು.

ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ನಮಗೆಲ್ಲ ಫಾರ್ಮಲಿನ್ ಎಂಬ ಹೆಸರಿನಿಂದ ಪರಿಚಿತ. ಕಾಲೇಜಿನ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳು ಗಾಜಿನ ಜಾಡಿಯೊಳಗೆ ಕೊಳೆಯದೆ ಉಳಿದಿರುವುದು ಇದರಿಂದಲೇ. ಈ ಗುಣ ಬೆಳಕಿಗೆ ಬಂದ ಬಗೆ ಸ್ವಾರಸ್ಯವಾಗಿದೆ. ಫ್ರಾಂಕ್‌ಫರ್ಟ್‌ನ ವೈದ್ಯ ಫರ್ಡಿನಾಂಡ್ ಬ್ಲುಮ್ ಇದರ ಕ್ರಿಮಿನಾಶಕ ಶಕ್ತಿಯನ್ನು ಪರೀಕ್ಷಿಸುತ್ತಿದ್ದಾಗ ತಮ್ಮ ಬೆರಳ ತುದಿಯ ಚರ್ಮವೇ ಗಟ್ಟಿಯಾಗಿರುವುದನ್ನು ಗಮನಿಸಿದರು. ಅಂಗಾಂಶಗಳನ್ನು ಕಾಪಾಡಲು ಇದನ್ನು ಬಳಸಬಹುದೆಂದು 1893ರಲ್ಲಿ ಪ್ರಕಟಿಸಿದರು.

ಫಾರ್ಮಾಲ್ಡಿಹೈಡ್ ಪ್ರೋಟೀನ್ ಅಣುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಬ್ಯಾಕ್ಟೀರಿಯಾ ಸಾಯುವುದೂ ಚರ್ಮ ಗಟ್ಟಿಯಾಗುವುದೂ ಈ ಕಾರಣದಿಂದಲೇ. ಮೂಗು, ಕಣ್ಣು, ಗಂಟಲಿನ ತೇವ ಪದರಗಳು ಉರಿಯುವುದಕ್ಕೂ ಇದೇ ಮೂಲ. ಉಪಕಾರ, ಅಪಕಾರಗಳೆರಡೂ ಒಂದೇ ಗುಣದ ಎರಡು ಮುಖಗಳು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನಮ್ಮ ದೇಹದಲ್ಲಿಯೂ ಚಯಾಪಚಯದಿಂದಾಗಿ ಅಲ್ಪ ಪ್ರಮಾಣದ ಫಾರ್ಮಾಲ್ಡಿಹೈಡ್ ಸದಾ ಉಂಟಾಗುತ್ತಿರುತ್ತದೆ. ಕಿಣ್ವಗಳು ಅದನ್ನು ಕೆಲವೇ ನಿಮಿಷಗಳಲ್ಲಿ ವಿಭಜಿಸುತ್ತವೆ. ಆದ್ದರಿಂದ ಹೆಸರು ಕೇಳಿದೊಡನೆ ಗಾಬರಿಪಡಬೇಕಾಗಿಲ್ಲ. ಎಷ್ಟು, ಎಲ್ಲಿ, ಎಷ್ಟು ಕಾಲ ಎಂಬುದೇ ಮುಖ್ಯ.

ನೀರು ಬಂದಾಗ ಕೊಳೆತವೂ ಬಂತು

ಈಗ ಗೋಡೆಯ ಕಡೆಗೆ ತಿರುಗೋಣ. ನನ್ನ ಬಾಲ್ಯದಲ್ಲಿ ನಮ್ಮ ಊರಿನ ಮನೆಗಳಿಗೆ ಹಬ್ಬದ ಮುಂಚೆ ಸುಣ್ಣ ಬಳಿಯುತ್ತಿದ್ದರು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿ ಅರಳಿಸಿ, ಸೋಸಿ, ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿದರೆ ಕೆಲಸ ಮುಗಿಯಿತು. ಅರಳಿದ ಸುಣ್ಣದ ತಿಳಿನೀರಿನ ಪಿಎಚ್ ಸುಮಾರು 12.4. ಅಷ್ಟು ತೀವ್ರವಾದ ಕ್ಷಾರದಲ್ಲಿ ಬ್ಯಾಕ್ಟೀರಿಯಾವಾಗಲೀ ಬೂಷ್ಟಾಗಲೀ ಬೆಳೆಯಲಾರದು. ಸುಣ್ಣದ ಗಡಿಗೆಗೆ ಸಂರಕ್ಷಕ ಬೇಕಾಗಿರಲಿಲ್ಲ. ಅದು ತನಗೆ ತಾನೇ ಸಂರಕ್ಷಕ.

ಎಣ್ಣೆ ಬಣ್ಣಗಳಿಗೂ ಈ ತೊಂದರೆ ಇರಲಿಲ್ಲ. ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಇರುವಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರೇ ಇಲ್ಲ. ಅವುಗಳ ತೊಂದರೆಗಳು ಬೇರೆ: ತೀಕ್ಷ್ಣ ವಾಸನೆ, ಬೆಂಕಿಯ ಭಯ, ಸೀಸದ ವರ್ಣದ್ರವ್ಯ, ನಿಧಾನವಾಗಿ ಒಣಗುವಿಕೆ. ಎಣ್ಣೆ ಬಣ್ಣ ಒಣಗುವುದೆಂದರೆ ಎಣ್ಣೆಯು ಗಾಳಿಯ ಆಕ್ಸಿಜನ್ನಿನೊಡನೆ ವರ್ತಿಸುವುದು. ಆ ಕ್ರಿಯೆಯಲ್ಲಿಯೂ ಹಲವು ಆಲ್ಡಿಹೈಡ್‌ಗಳು ಹೊರಬೀಳುತ್ತವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕೃತಕ ರಬ್ಬರನ್ನು ಭಾರಿ ಪ್ರಮಾಣದಲ್ಲಿ ತಯಾರಿಸತೊಡಗಿತು. ಯುದ್ಧ ಮುಗಿದ ಮೇಲೆ ಅದೇ ರಸಾಯನವಿದ್ಯೆ ಗೋಡೆಗೆ ಬಂತು. 1948ರಲ್ಲಿ ಗ್ಲಿಡನ್ ಕಂಪನಿ ‘ಸ್ಪ್ರೆಡ್ ಸ್ಯಾಟಿನ್’ ಎಂಬ ಲೇಟೆಕ್ಸ್ ಬಣ್ಣವನ್ನು ಮಾರುಕಟ್ಟೆಗೆ ತಂದಿತು. 1953ರಲ್ಲಿ ರೋಮ್ ಅಂಡ್ ಹಾಸ್ ಕಂಪನಿಯ ಅಕ್ರಿಲಿಕ್ ಎಮಲ್ಷನ್ ಬಂತು. ಇವುಗಳಲ್ಲಿ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಾಗ ಕಣಗಳು ಕೂಡಿಕೊಂಡು ಪೊರೆಯಾಗುತ್ತವೆ. ವಾಸನೆ ಕಡಿಮೆ, ಬೆಂಕಿಯ ಭಯವಿಲ್ಲ, ಕುಂಚವನ್ನು ನೀರಿನಲ್ಲೇ ತೊಳೆಯಬಹುದು. ಇಂದು ನಮ್ಮ ಪೇಟೆಗಳಲ್ಲಿ ‘ಎಮಲ್ಷನ್’ ಎಂದು ಮಾರಾಟವಾಗುವುದು ಇದರ ವಂಶವೇ.

ಆದರೆ ನೀರು, ಪಿಷ್ಟದಂಥ ಸೆಲ್ಯುಲೋಸ್ ಮಂದಕಾರಿ, ಸಾಧಾರಣ ಉಷ್ಣತೆ ಮತ್ತು ತಿಂಗಳುಗಟ್ಟಲೆ ಮುಚ್ಚಿಟ್ಟ ಡಬ್ಬಿ – ಇಷ್ಟು ಸೇರಿದರೆ ಅದು ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಮಂದಕಾರಿಯನ್ನು ತಿಂದಾಗ ಬಣ್ಣ ನೀರಾಗುತ್ತದೆ, ದುರ್ನಾತ ಬರುತ್ತದೆ, ಒಳಗೆ ಅನಿಲ ತುಂಬಿ ಮುಚ್ಚಳ ಉಬ್ಬುತ್ತದೆ. ಹಾಗಾಗಿ ನೀರಿನ ಬಣ್ಣದ ಪ್ರತಿ ಡಬ್ಬಿಗೂ ಒಬ್ಬ ಕಾವಲುಗಾರ ಬೇಕಾಯಿತು.

ಮೊದಲ ಕಾವಲುಗಾರ: ಪಾದರಸ

ದಶಕಗಳ ಕಾಲ ಈ ಕೆಲಸಕ್ಕೆ ನೇಮಕವಾಗಿದ್ದದ್ದು ಪಾದರಸದ ಸಾವಯವ ಸಂಯುಕ್ತಗಳು, ಅದರಲ್ಲೂ ಫಿನೈಲ್ ಮರ್ಕ್ಯುರಿಕ್ ಅಸಿಟೇಟ್. ಅತ್ಯಲ್ಪ ಪ್ರಮಾಣ ಸಾಕು, ಬೆಲೆಯೂ ಕಡಿಮೆ. ಗೋಡೆಯ ಮೇಲೆ ಒಣಗಿದ ಬಣ್ಣದೊಳಗೆ ಅದು ಭದ್ರವಾಗಿ ಉಳಿಯುತ್ತದೆಂಬ ನಂಬಿಕೆಯಿತ್ತು.

1989ರ ಆಗಸ್ಟ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಆರೋಗ್ಯವಾಗಿದ್ದ ನಾಲ್ಕು ವರ್ಷದ ಬಾಲಕನೊಬ್ಬ ವಿಚಿತ್ರ ಕಾಯಿಲೆಗೆ ಬಿದ್ದ. ಕಾಲುಗಳಲ್ಲಿ ನೋವು, ವಿಪರೀತ ಬೆವರು, ಕೈಕಾಲುಗಳ ಚರ್ಮ ಸುಲಿಯುವುದು, ಸ್ವಭಾವದಲ್ಲಿ ಬದಲಾವಣೆ. ವೈದ್ಯರು ಅದನ್ನು ಆಕ್ರೊಡೀನಿಯ ಎಂದು ಗುರುತಿಸಿದರು. ಹಿಂದೆ ಹಲ್ಲು ಬರುವ ಮಕ್ಕಳಿಗೆ ಪಾದರಸದ ಪುಡಿ ಕೊಡುತ್ತಿದ್ದ ಕಾಲದಲ್ಲಿ ಕಾಣುತ್ತಿದ್ದ, ಆ ಮೇಲೆ ಮರೆತೇ ಹೋಗಿದ್ದ ರೋಗವದು. ವಿಚಾರಿಸಿದಾಗ ತಿಳಿದದ್ದು: ಲಕ್ಷಣಗಳು ಕಾಣಿಸುವುದಕ್ಕೆ ಹತ್ತು ದಿನ ಮೊದಲು ಆ ಮನೆಯ ಒಳಗೋಡೆಗಳಿಗೆ 64 ಲೀಟರ್ ಲೇಟೆಕ್ಸ್ ಬಣ್ಣ ಬಳಿಯಲಾಗಿತ್ತು. ಆ ಬಣ್ಣದಲ್ಲಿ ಪಾದರಸ 900 ಪಿಪಿಎಂಗಿಂತ ಹೆಚ್ಚಿತ್ತು. ಒಳಗೋಡೆಯ ಬಣ್ಣಕ್ಕೆ ಅಲ್ಲಿದ್ದ ಮಿತಿ 300 ಪಿಪಿಎಂ. ಮನೆಯಲ್ಲಿ ಹವಾನಿಯಂತ್ರಣ ಇದ್ದುದರಿಂದ ಕಿಟಕಿಗಳು ಮುಚ್ಚಿದ್ದವು.

ಅದೇ ಬಣ್ಣ ಬಳಿದಿದ್ದ ಬೇರೆ ಮನೆಗಳಲ್ಲಿಯೂ ತನಿಖೆ ನಡೆಯಿತು. ಅಲ್ಲಿನವರ ಮೂತ್ರದಲ್ಲಿ ಪಾದರಸ ಹೆಚ್ಚಾಗಿರುವುದು ಕಂಡುಬಂತು. ಆದರೆ ಅವರು ಆ ಬಾಲಕನಂತೆ ಕಾಯಿಲೆ ಬಿದ್ದಿರಲಿಲ್ಲ. 1990ರ ಆಗಸ್ಟ್‌ನಿಂದ ಅಮೆರಿಕದಲ್ಲಿ ಒಳಗೋಡೆಯ ಲೇಟೆಕ್ಸ್ ಬಣ್ಣಕ್ಕೆ ಪಾದರಸ ಸೇರಿಸುವುದು ನಿಂತಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಷ್ಟು ದೀರ್ಘಕಾಲ ಬಳಕೆಯಲ್ಲಿದ್ದ ವಸ್ತುವಿನ ದೋಷ ಹೊರಬಿದ್ದುದು ಯಾವುದೋ ಉಪಕರಣದಿಂದಲ್ಲ, ಒಬ್ಬ ಸೂಕ್ಷ್ಮ ಪ್ರಕೃತಿಯ ಮಗುವಿನಿಂದ.

ಎರಡನೆಯ ಕಾವಲುಗಾರ: ಫಾರ್ಮಾಲ್ಡಿಹೈಡ್

ಪಾದರಸದ ಜೊತೆಗೇ ಬೆಳೆದು, ಅದು ಹೋದ ಮೇಲೆ ಹೆಚ್ಚು ಜಾಗ ಪಡೆದವುಗಳಲ್ಲಿ ಫಾರ್ಮಾಲ್ಡಿಹೈಡ್ ಬಿಡುವ ಸಂಯುಕ್ತಗಳು ಮುಖ್ಯ. ಇವುಗಳನ್ನು ಬಣ್ಣದಲ್ಲಿ ಬೆರೆಸಿದಾಗ ಅವು ನೀರಿನೊಡನೆ ವರ್ತಿಸಿ ಫಾರ್ಮಾಲ್ಡಿಹೈಡನ್ನು ಹನಿಹನಿಯಾಗಿ ಬಿಡುತ್ತವೆ. ಸೂಕ್ಷ್ಮಜೀವಿಗಳು ಅದನ್ನು ಖರ್ಚು ಮಾಡಿದಷ್ಟೂ ಹೊಸದು ಬರುತ್ತದೆ. ಕಾವಲಿನ ದೃಷ್ಟಿಯಿಂದ ಜಾಣ ಏರ್ಪಾಡು. ಆದರೆ ಡಬ್ಬಿಯೊಳಗೆ ಹನಿಹನಿಯಾಗಿ ಬಿಡುವಂಥದು ಗೋಡೆಯ ಮೇಲೂ ಹಾಗೆಯೇ ಬಿಡುತ್ತಿರುತ್ತದೆ.

ಈ ಹೊತ್ತಿಗೆ ಫಾರ್ಮಾಲ್ಡಿಹೈಡ್ ಬೇರೊಂದು ದಾರಿಯಿಂದ ಕುಖ್ಯಾತಿ ಪಡೆದಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಶೀತದೇಶಗಳಲ್ಲಿ ಮನೆಗಳನ್ನು ಬಿಗಿಯಾಗಿ ಮುಚ್ಚಿ, ಗೋಡೆಯ ಪೊಳ್ಳಿನಲ್ಲಿ ಯೂರಿಯಾ-ಫಾರ್ಮಾಲ್ಡಿಹೈಡ್ ನೊರೆ ತುಂಬುವ ಪದ್ಧತಿ ಬಂತು. ನಿವಾಸಿಗಳಿಂದ ದೂರುಗಳು ಬಂದವು. ಕೆನಡಾ 1980ರ ಡಿಸೆಂಬರ್‌ನಲ್ಲಿ ಆ ನೊರೆಯನ್ನು ನಿಷೇಧಿಸಿತು. ಅಮೆರಿಕ 1982ರಲ್ಲಿ ನಿಷೇಧಿಸಿದರೂ ಮರುವರ್ಷ ನ್ಯಾಯಾಲಯ ಅದನ್ನು ರದ್ದುಮಾಡಿತು. ಅದೇ ಕಾಲದಲ್ಲಿ, ಸುಮಾರು 15 ಪಿಪಿಎಂ ಫಾರ್ಮಾಲ್ಡಿಹೈಡನ್ನು ಎರಡು ವರ್ಷ ಉಸಿರಾಡಿದ ಇಲಿಗಳಲ್ಲಿ ಮೂಗಿನ ಕ್ಯಾನ್ಸರ್ ಕಾಣಿಸಿಕೊಂಡದ್ದು ಪ್ರಕಟವಾಯಿತು. 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ, 30 ನಿಮಿಷಗಳ ಸರಾಸರಿಯಲ್ಲಿ, ಘನ ಮೀಟರಿಗೆ 0.1 ಮಿಲಿಗ್ರಾಂ.

ಬಣ್ಣದ ವಿಷಯಕ್ಕೆ ಬಂದರೆ, ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಮಹತ್ವದ್ದು. ಹೊಸದಾಗಿ ಬಣ್ಣ ಬಳಿದ ಮನೆಗಳಲ್ಲಿ ಫಾರ್ಮಾಲ್ಡಿಹೈಡ್ ಹೆಚ್ಚಿರುವುದನ್ನೂ ಅಲ್ಲಿ ವಾಸಿಸುವವರಲ್ಲಿ ಆಸ್ತಮಾ ಹೆಚ್ಚಾಗಿ ಕಾಣುವುದನ್ನೂ ಅವರು ವರದಿ ಮಾಡಿದರು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ, ನಿಜ. ಆದರೆ ಮುಂದಿನ ಪ್ರಯೋಗಕ್ಕೆ ಅದು ದಾರಿ ತೋರಿಸಿತು.

ಆ ಪ್ರಯೋಗವನ್ನು ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆಯ ಸಂಶೋಧಕರು ನಡೆಸಿ 2002ರಲ್ಲಿ ಪ್ರಕಟಿಸಿದರು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಬಹಳ ಹಿಡಿಸುವಂಥದು. ‘ಕಡಿಮೆ ವಿಒಸಿ’ಯ ಲೇಟೆಕ್ಸ್ ಬಣ್ಣವೊಂದನ್ನು ಜಿಪ್ಸಮ್ ಹಲಗೆಗೆ ಬಳಿದು, ಚಿಕ್ಕ ಕೋಷ್ಠದೊಳಗಿಟ್ಟು, ಹೊರಬರುವ ಫಾರ್ಮಾಲ್ಡಿಹೈಡನ್ನು ಅಳೆದರು. ಹೊರಸೂಸುವಿಕೆ ಮೂರು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲನೆಯದು ಬಳಿದ ಕೂಡಲೇ ಬರುವ ಒಂದು ಉಬ್ಬರ. ಎರಡನೆಯದು ವೇಗವಾಗಿ ಇಳಿಯುವ ಹಂತ. ಮೂರನೆಯದು ನಿಧಾನವಾದ, ಒಂದು ತಿಂಗಳಿಗೂ ಮೀರಿ ನಡೆಯುವ ಹಂತ. ಕೊನೆಯ ಹಂತದಲ್ಲಿ ಒಣಗಿದ ಪೊರೆಯೊಳಗಿನಿಂದ ಅಣುಗಳು ವಿಸರಣೆಯಿಂದ ತೆವಳುತ್ತಾ ಮೇಲ್ಮೈಗೆ ಬರಬೇಕು. ಆದ್ದರಿಂದಲೇ ಅಷ್ಟು ನಿಧಾನ. ಇದಕ್ಕೆ ಮುಖ್ಯ ಮೂಲ ಬಣ್ಣದ ಸಂರಕ್ಷಕವೇ ಎಂಬುದು ಖಚಿತವಾಯಿತು. ಸಂರಕ್ಷಕವನ್ನು ಬದಲಿಸಿದಾಗ ಫಾರ್ಮಾಲ್ಡಿಹೈಡ್ ಸುಮಾರು 55 ಶೇಕಡದಷ್ಟು ಇಳಿಯಿತು. ಆದರೆ ಇಳಿದದ್ದು ಮೂರನೆಯ ಹಂತದಲ್ಲಿ ಮಾತ್ರ. ಮೊದಲ ಉಬ್ಬರ ಹಾಗೆಯೇ ಉಳಿಯಿತು.

‘ಬಣ್ಣ ಒಣಗಿತು, ವಾಸನೆ ಹೋಯಿತು, ಇನ್ನು ಮಲಗಬಹುದು’ ಎಂಬ ನಮ್ಮ ರೂಢಿಯ ಮಾತಿನ ಮಿತಿ ಇದರಿಂದ ತಿಳಿಯುತ್ತದೆ. ಒಣಗುವುದೆಂದರೆ ನೀರು ಹೋಗುವುದು. ಉಳಿದದ್ದು ಹೋಗಲು ಅದರದೇ ಆದ ಕಾಲ ಬೇಕು.

ವಿಒಸಿ ಎಂಬ ಅಳತೆ ಹುಟ್ಟಿದ್ದೇಕೆ?

ಹಾಗಾದರೆ ‘ಕಡಿಮೆ ವಿಒಸಿ’ ಎಂಬ ಬಣ್ಣದಿಂದ ಫಾರ್ಮಾಲ್ಡಿಹೈಡ್ ಬಂದದ್ದು ಹೇಗೆ? ಉತ್ತರ ಮತ್ತೆ ಚರಿತ್ರೆಯಲ್ಲಿದೆ. ವಿಒಸಿ ಎಂದರೆ ಸುಲಭವಾಗಿ ಆವಿಯಾಗುವ ಸಾವಯವ ಸಂಯುಕ್ತಗಳು. ಲಾಸ್ ಏಂಜಲೀಸ್ ನಗರದ ಮೇಲೆ ಕವಿಯುತ್ತಿದ್ದ ಕಂದು ಹೊಗೆಮಂಜು, ವಾಹನ ಮತ್ತು ಕಾರ್ಖಾನೆಗಳ ಆವಿಗಳು ಬಿಸಿಲಿನಲ್ಲಿ ವರ್ತಿಸಿ ಓಜೋನ್ ಆಗುವುದರಿಂದ ಉಂಟಾಗುತ್ತದೆಂದು ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಬಣ್ಣಗಳ ದ್ರಾವಕಗಳೂ ಆ ಲೆಕ್ಕದಲ್ಲಿ ಸೇರಿದವು. 1966ರಲ್ಲಿ ಆ ನಗರದ ದ್ರಾವಕ ನಿಯಮ, 1998ರಲ್ಲಿ ಇಡೀ ಅಮೆರಿಕಕ್ಕೆ ಕಟ್ಟಡದ ಬಣ್ಣಗಳ ನಿಯಮ, 2004ರಲ್ಲಿ ಯುರೋಪಿನ ನಿರ್ದೇಶನ – ಇವೆಲ್ಲ ಹೊರಗಿನ ಗಾಳಿಯನ್ನು ಕಾಪಾಡಲು ಬಂದವು.

ಅವುಗಳ ಅಳತೆ ‘ಲೀಟರಿಗೆ ಎಷ್ಟು ಗ್ರಾಂ’. ನೂರಾರು ಗ್ರಾಂ ದ್ರಾವಕ ಇದ್ದ ಕಾಲಕ್ಕೆ ಅದು ಸರಿಯಾದ ತಕ್ಕಡಿ. ಆದರೆ ಸಂರಕ್ಷಕ ಇರುವುದು ಅದರ ಸಾವಿರದಲ್ಲೊಂದು ಪಾಲಿನ ಮಟ್ಟದಲ್ಲಿ. ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ! ಹೊಗೆಮಂಜಿಗೆ ಅಷ್ಟು ಚಿಲ್ಲರೆ ಪ್ರಮಾಣ ಲೆಕ್ಕಕ್ಕಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗುವ ಆಸ್ತಮಾ ರೋಗಿಗೆ ಲೆಕ್ಕಕ್ಕಿದೆ. ಡಬ್ಬಿಯ ಮೇಲಿನ ಮಾತು ಸುಳ್ಳಲ್ಲ. ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ.

ಕೋಣೆಯ ಗಾಳಿಯನ್ನೇ ಮುಂದಿಟ್ಟುಕೊಂಡ ನಿಯಮಗಳು ನಂತರ ಬಂದವು. ‘ಸಿಕ್ ಹೌಸ್’ ತೊಂದರೆಯಿಂದ ಬಳಲಿದ ಜಪಾನ್ 2003ರ ಜುಲೈನಿಂದ ಕಟ್ಟಡ ಕಾನೂನನ್ನು ತಿದ್ದಿ, ಹಲಗೆ ಮತ್ತು ಬಣ್ಣಗಳಿಗೆ ಫಾರ್ಮಾಲ್ಡಿಹೈಡ್ ಹೊರಸೂಸುವಿಕೆಯ ಆಧಾರದ ಮೇಲೆ ನಕ್ಷತ್ರ ಗುರುತು ಕೊಟ್ಟಿತು. ನಾಲ್ಕು ನಕ್ಷತ್ರ ಅತ್ಯುತ್ತಮ. ಜೊತೆಗೆ ಮನೆಗಳಲ್ಲಿ ಸದಾ ಗಾಳಿ ಬದಲಾಗುವ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿತು. ಫ್ರಾನ್ಸ್ 2011ರ ಆದೇಶದಲ್ಲಿ ಬಣ್ಣಗಳನ್ನು 28 ದಿನ ಪರೀಕ್ಷಾಕೋಷ್ಠದಲ್ಲಿಟ್ಟು ಅಳೆದು ‘ಎ ಪ್ಲಸ್’ನಿಂದ ‘ಸಿ’ವರೆಗೆ ದರ್ಜೆ ನೀಡುವ ಕ್ರಮ ತಂದಿತು. ‘ಎ ಪ್ಲಸ್’ ಪಡೆಯಲು ಫಾರ್ಮಾಲ್ಡಿಹೈಡ್ ಘನ ಮೀಟರಿಗೆ 10 ಮೈಕ್ರೊಗ್ರಾಂಗಿಂತ ಕಡಿಮೆ ಇರಬೇಕು.

ಮೂರನೆಯ ಕಾವಲುಗಾರ

ಫಾರ್ಮಾಲ್ಡಿಹೈಡಿಗೆ ಬದಲಾಗಿ ಬಂದವು ಐಸೊಥಯಾಜೊಲಿನೋನ್ ಗುಂಪಿನ ಸಂರಕ್ಷಕಗಳು. ಅದರಲ್ಲಿ ಮೀಥೈಲ್ ಐಸೊಥಯಾಜೊಲಿನೋನ್ 2000ದ ನಂತರ ಬಣ್ಣದ ಡಬ್ಬಿಗೂ ಶಾಂಪೂ, ಕ್ರೀಮುಗಳಿಗೂ ಒಟ್ಟಿಗೇ ನುಗ್ಗಿತು. ಹತ್ತು ವರ್ಷಗಳೊಳಗೆ ಯುರೋಪಿನ ಚರ್ಮರೋಗ ಚಿಕಿತ್ಸಾಲಯಗಳಲ್ಲಿ ಹೊಸ ಅಲರ್ಜಿಯ ಅಲೆ ಎದ್ದಿತು. ಬಣ್ಣವನ್ನು ಮುಟ್ಟದೆಯೇ, ಹೊಸ ಬಣ್ಣದ ಕೋಣೆಯಲ್ಲಿ ಇದ್ದಷ್ಟರಿಂದಲೇ ಮುಖ, ಕಣ್ಣುರೆಪ್ಪೆ ಊದಿಕೊಂಡು ಬಂದವರಿದ್ದರು. ಕೆಲವರಿಗೆ ಉಸಿರಾಟದ ತೊಂದರೆಯೂ ಆಯಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಇದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. 2015ರಲ್ಲಿ ಆ ‘ಗೌರವ’ ಫಾರ್ಮಾಲ್ಡಿಹೈಡಿಗೆ ಸಂದಿತು!

ಯುರೋಪಿನ ಐದು ದೇಶಗಳ ಅಂಗಡಿಗಳಿಂದ ಕೊಂಡ 71 ಬಣ್ಣಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬಣ್ಣಗಳಲ್ಲಿ ಮೀಥೈಲ್ ಐಸೊಥಯಾಜೊಲಿನೋನ್ ಇತ್ತು. 2020ರ ಮೇ ತಿಂಗಳಿನಿಂದ ಯುರೋಪಿನಲ್ಲಿ 15 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅಲರ್ಜಿಯ ಎಚ್ಚರಿಕೆ ಹಾಕಲೇಬೇಕೆಂಬ ನಿಯಮ ಜಾರಿಗೆ ಬಂತು.

ಪಾದರಸ, ಫಾರ್ಮಾಲ್ಡಿಹೈಡ್, ಐಸೊಥಯಾಜೊಲಿನೋನ್ – ಮೂರನ್ನೂ ಒಟ್ಟಿಗೆ ನೋಡಿದಾಗ ಒಂದು ಮಾದರಿ ಕಾಣುತ್ತದೆ. ಬಂದಾಗ ಪ್ರತಿಯೊಂದೂ ಅನುಕೂಲವಾಗಿತ್ತು, ಪ್ರಮಾಣ ಅತ್ಯಲ್ಪವೆಂಬ ಸಮಾಧಾನವಿತ್ತು. ಎಲ್ಲದರ ಬಗೆಗೂ ಮೊದಲು ದೂರಿದವರು ಸೂಕ್ಷ್ಮ ಪ್ರಕೃತಿಯವರು. ಜೀವಿಯನ್ನು ಕೊಲ್ಲಲೆಂದೇ ಹಾಕಿದ ವಸ್ತು ಇನ್ನೊಂದು ಜೀವಿಗೆ ಪೂರ್ತಿ ನಿರಪಾಯವಾಗಿರುವುದು ಕಷ್ಟ.

ಒಂದು ಚಿಕ್ಕ ಲೆಕ್ಕ

ಪ್ರಮಾಣದ ಅಂದಾಜಿಗಾಗಿ ಒಂದು ಕೋಣೆಯನ್ನು ಕಲ್ಪಿಸೋಣ: 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ. ಗಾಳಿಯ ಗಾತ್ರ 36 ಘನ ಮೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಂತೆ ಅದರಲ್ಲಿ ಇರಬಹುದಾದ ಫಾರ್ಮಾಲ್ಡಿಹೈಡ್ 3.6 ಮಿಲಿಗ್ರಾಂ. ಗೋಡೆಗಳ ವಿಸ್ತೀರ್ಣ 42 ಚದರ ಮೀಟರ್. ಲೀಟರಿಗೆ 10 ಚದರ ಮೀಟರಿನಂತೆ ಎರಡು ಪದರಕ್ಕೆ ಸುಮಾರು ಎಂಟೂವರೆ ಲೀಟರ್, ಅಂದರೆ ಸುಮಾರು 12 ಕಿಲೋಗ್ರಾಂ ಬಣ್ಣ ಬೇಕು. ಅದರಲ್ಲಿ ಬರಿಯ 100 ಪಿಪಿಎಂ ಫಾರ್ಮಾಲ್ಡಿಹೈಡ್ ಬಿಡುಗಡೆಯಾಗುವುದೆಂದು ಇಟ್ಟುಕೊಳ್ಳಿ. ಒಟ್ಟು 1,200 ಮಿಲಿಗ್ರಾಂ. ಕೋಣೆಯ ಮಿತಿಯ ಮುನ್ನೂರು ಪಟ್ಟಿಗೂ ಹೆಚ್ಚು.

ಇದರಲ್ಲಿ ಅರ್ಧ ಮೊದಲ ದಿನಗಳಲ್ಲೇ ಹೋಗಿ, ಉಳಿದ 600 ಮಿಲಿಗ್ರಾಂ ಒಂದು ತಿಂಗಳಲ್ಲಿ ಸಮನಾಗಿ ಹೊರಬರುವುದೆಂದುಕೊಳ್ಳೋಣ. ಗಂಟೆಗೆ ಸುಮಾರು 0.83 ಮಿಲಿಗ್ರಾಂ ಆಗುತ್ತದೆ. ಕಿಟಕಿ ತೆರೆದು ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾದರೆ ಘನ ಮೀಟರಿಗೆ 0.02 ಮಿಲಿಗ್ರಾಂ ಉಳಿಯುತ್ತದೆ, ಮಿತಿಗಿಂತ ಬಹಳ ಕಡಿಮೆ. ಕಿಟಕಿ ಬಿಗಿದು ಹತ್ತು ಗಂಟೆಗೊಮ್ಮೆ ಮಾತ್ರ ಗಾಳಿ ಬದಲಾದರೆ 0.23 ಮಿಲಿಗ್ರಾಂ, ಮಿತಿಯ ಎರಡು ಪಟ್ಟಿಗೂ ಮೀರಿ. ಬಣ್ಣ ಅದೇ, ಕೋಣೆ ಅದೇ. ಕಿಟಕಿ ಮಾತ್ರ ಬೇರೆ. ಇಲ್ಲಿ ತೆಗೆದುಕೊಂಡ 100 ಪಿಪಿಎಂ ಲೆಕ್ಕಕ್ಕಾಗಿ ಊಹಿಸಿದ್ದು, ಯಾವುದೇ ಬಣ್ಣದ ಅಳತೆಯಲ್ಲ.

ಸೂಕ್ಷ್ಮ ಪ್ರಕೃತಿಯವರು ಏನು ಆಯ್ದುಕೊಳ್ಳಬೇಕು?

ಮೊದಲನೆಯದಾಗಿ, ವಾಸನೆಯನ್ನು ನಂಬಬೇಡಿ, ವಿಒಸಿ ಅಂಕಿಯೊಂದನ್ನೇ ನಂಬಬೇಡಿ. ‘ಇದರ ಸಂರಕ್ಷಕ ಯಾವುದು?’ ಎಂದು ಕೇಳಿ. ಅಂಗಡಿಯವರಿಗೆ ತಿಳಿಯದಿರಬಹುದು, ತಯಾರಕರು ಕೊಡುವ ಸುರಕ್ಷಾ ಮಾಹಿತಿ ಪತ್ರವನ್ನು ತರಿಸಿಕೊಳ್ಳಿ. ಅದರಲ್ಲಿ ಬ್ರೋನೋಪಾಲ್, ಹೈಡಾಂಟೋಯಿನ್, ಟ್ರಯಾಜಿನ್, ಆಕ್ಸಜೊಲಿಡಿನ್ ಎಂಬ ಹೆಸರುಗಳಿದ್ದರೆ ಅವು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಬಿಡುವ ಗುಂಪಿನವು. ‘ಐಸೊಥಯಾಜೊಲಿನೋನ್’ ಎಂದು ಕೊನೆಗೊಳ್ಳುವ ಹೆಸರುಗಳು ಚರ್ಮದ ಅಲರ್ಜಿ ಇರುವವರಿಗೆ ಎಚ್ಚರಿಕೆ. ಯಾವುದು ತಮಗೆ ಆಗುವುದಿಲ್ಲ ಎಂಬುದನ್ನು ಚರ್ಮತಜ್ಞರ ಪ್ಯಾಚ್ ಪರೀಕ್ಷೆಯಿಂದ ತಿಳಿದುಕೊಂಡಿದ್ದರೆ ಆಯ್ಕೆ ಸುಲಭ.

ಎರಡನೆಯದಾಗಿ, ಸಂರಕ್ಷಕವೇ ಬೇಡದ ಬಣ್ಣಗಳಿವೆ. ಮ್ಯೂನಿಕ್‌ನ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಸಿಲಿಕೇಟ್ ಬಣ್ಣಗಳಲ್ಲಿ ಪೊಟ್ಯಾಸಿಯಮ್ ಸಿಲಿಕೇಟ್ ಬಂಧಕ. ಅದರ ಕ್ಷಾರಗುಣವೇ ಕಾವಲು ಕಾಯುತ್ತದೆ. ಜರ್ಮನಿಯ ‘ಬ್ಲೂ ಏಂಜಲ್’ ಪರಿಸರ ಮುದ್ರೆಯು ಒಳಗೋಡೆಯ ಬಣ್ಣಗಳಿಗೆ 2019ರ ಆವೃತ್ತಿಯಲ್ಲಿ ಸಂರಕ್ಷಕ ಇರಬಾರದೆಂಬ ಷರತ್ತು ಹಾಕಿದ್ದು ಇಂಥ ಬಣ್ಣಗಳು ಸಾಧ್ಯವಿರುವುದರಿಂದಲೇ. ಇದೇ ತತ್ತ್ವದ ಅತಿ ಹಳೆಯ ರೂಪ ನಮ್ಮ ಸುಣ್ಣ. ಅದಕ್ಕೂ ಮಿತಿಗಳಿವೆ: ಕೈ ತಾಗಿದರೆ ಅಂಟುತ್ತದೆ, ತೊಳೆಯಲಾಗದು, ಹಳೆಯ ಪ್ಲಾಸ್ಟಿಕ್ ಬಣ್ಣದ ಮೇಲೆ ನಿಲ್ಲುವುದಿಲ್ಲ. ಬಳಿಯುವಾಗ ಕಣ್ಣಿಗೆ ಸಿಡಿದರೆ ಅಪಾಯ. ಕನ್ನಡಕ, ಕೈಗವಸು ಬೇಕೇ ಬೇಕು. ಸಿಲಿಕೇಟ್ ಬಣ್ಣಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ.

ಮೂರನೆಯದಾಗಿ, ‘ಗಾಳಿಯನ್ನು ಶುದ್ಧಗೊಳಿಸುವ’ ಬಣ್ಣಗಳ ಬಗೆಗೆ ಅವಸರ ಬೇಡ. ಬೆಳಕಿನ ನೆರವಿನಿಂದ ಕೆಲಸ ಮಾಡುವ ಟೈಟೇನಿಯಮ್ ಡೈಆಕ್ಸೈಡ್ ಬಣ್ಣಗಳು ತಮ್ಮದೇ ಬಂಧಕವನ್ನು ಒಡೆದು ಫಾರ್ಮಾಲ್ಡಿಹೈಡ್ ಉಂಟುಮಾಡಬಲ್ಲವೆಂದು 2007–08ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಅಗ್ಗದ ಫಾರ್ಮಾಲ್ಡಿಹೈಡ್ ಮಾಪಕಗಳ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಹಲವು ಮಾಪಕಗಳು ಕೈ ತೊಳೆಯುವ ಸ್ಪಿರಿಟ್ಟಿನ ಆವಿಗೂ ಓಗೊಡುತ್ತವೆ.

ನಾಲ್ಕನೆಯದಾಗಿ, ಬಣ್ಣವೊಂದನ್ನೇ ದೂರಬೇಡಿ. ಮನೆಯೊಳಗಿನ ಫಾರ್ಮಾಲ್ಡಿಹೈಡಿಗೆ ಅನೇಕ ವೇಳೆ ದೊಡ್ಡ ಮೂಲ ಅಂಟು ಬೆರೆಸಿ ಒತ್ತಿದ ಹಲಗೆಯ ಕಪಾಟು. 2005ರ ಕತ್ರಿನಾ ಚಂಡಮಾರುತದ ನಿರಾಶ್ರಿತರಿಗೆ ಅಮೆರಿಕ ಸರ್ಕಾರ ಕೊಟ್ಟ ತಾತ್ಕಾಲಿಕ ಮನೆಗಳಲ್ಲಿ ಇಂಥ ಹಲಗೆಗಳು ತುಂಬಿದ್ದವು. ಅಂಥ 519 ಮನೆಗಳ ಗಾಳಿಯನ್ನು 2007–08ರ ಚಳಿಗಾಲದಲ್ಲಿ ಅಳೆದಾಗ ಸರಾಸರಿ 77 ಪಿಪಿಬಿ, ಕೆಲವೆಡೆ 590 ಪಿಪಿಬಿವರೆಗೆ ಫಾರ್ಮಾಲ್ಡಿಹೈಡ್ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸುಮಾರು 80 ಪಿಪಿಬಿಗೆ ಸಮ. ಅಡುಗೆ ಒಲೆಯ ಹೊಗೆ, ಸಿಗರೇಟು, ಊದುಬತ್ತಿಗಳಿಂದಲೂ ಇದು ಬರುತ್ತದೆ. ಹೊಸ ಕಪಾಟು, ಹೊಸ ಬಣ್ಣ ಎರಡನ್ನೂ ಒಂದೇ ವಾರ ಮಾಡಿಸದಿರುವುದು ಒಳ್ಳೆಯದು.

ಕೊನೆಯದಾಗಿ, ಕಾಲ ಮತ್ತು ಕಿಟಕಿ. ಸಮಾರಂಭಕ್ಕೆ ಮೂರು ದಿನ ಮೊದಲು ಬಣ್ಣ ಬಳಿಸುವ ಬದಲು ಒಂದೂವರೆ ತಿಂಗಳು ಮೊದಲು ಬಳಿಸಿ. ಆದಷ್ಟು ಒಣ ಹವೆಯ ದಿನಗಳನ್ನು ಆರಿಸಿ, ಎದುರುಬದುರು ಕಿಟಕಿಗಳನ್ನು ತೆರೆದಿಡಿ. ಉಷ್ಣತೆ ಮತ್ತು ತೇವ ಹೆಚ್ಚಿದಂತೆ ಫಾರ್ಮಾಲ್ಡಿಹೈಡ್ ಹೆಚ್ಚಾಗಿ ಹೊರಬರುತ್ತದೆ ಎಂಬುದನ್ನು ಕರಾವಳಿಯವರು ವಿಶೇಷವಾಗಿ ನೆನಪಿಡಬೇಕು. ಆಸ್ತಮಾ ಇರುವವರು, ಚಿಕ್ಕ ಮಕ್ಕಳು ಮಲಗುವ ಕೋಣೆಯನ್ನು ಎಲ್ಲಕ್ಕಿಂತ ಮೊದಲು ಮುಗಿಸಿ, ಎಲ್ಲಕ್ಕಿಂತ ಕೊನೆಗೆ ಬಳಕೆಗೆ ಕೊಡಿ.

ಅಕ್ಕನ ಕಥೆಗೆ ಬರುತ್ತೇನೆ. ಆ ಕೋಣೆಯನ್ನು ಆರು ವಾರ ಖಾಲಿ ಬಿಟ್ಟು, ಹಗಲೆಲ್ಲ ಕಿಟಕಿ ತೆರೆದಿಟ್ಟೆವು. ಆಮೇಲೆ ಆಕೆ ಬಂದು ತೊಂದರೆಯಿಲ್ಲದೆ ಮಲಗಿದಳು. ಒಬ್ಬರ ಅನುಭವದಿಂದ ಯಾವುದೂ ಸಿದ್ಧವಾಗುವುದಿಲ್ಲ ಎಂದು ತರಗತಿಯಲ್ಲಿ ಹೇಳಿಕೊಡುವವನೇ ನಾನು. ಆದರೂ ಅಂದು ರಾತ್ರಿ ‘ವಾಸನೆಯೇ ಇಲ್ಲವಲ್ಲ, ನಿನಗೆ ಭ್ರಮೆ’ ಎಂದು ನಾನು ಅವಳಿಗೆ ಅಂದಿದ್ದೆ. ಈ ಚರಿತ್ರೆಯನ್ನು ಓದಿದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ನಮ್ಮ ಉಪಕರಣಗಳು ಅಳೆಯುವುದಕ್ಕೆ ಮುಂಚೆ ದೂರು ಹೇಳಿದವರು ಹಿಂದೆಯೂ ಇದ್ದರು. ಅವರ ಮಾತನ್ನು ಕೇಳಿದ್ದರಿಂದಲೇ ಅಳತೆಗಳು ಬಂದವು.